ಸೇಫ್ಟಿ ವಾಲ್ವ್ ವಾರಂಟಿ: ‘12 ತಿಂಗಳು’ ಅಂತ ಓದಿ ಅಲ್ಲಿಗೇ ನಿಲ್ಲಿಸಬೇಡಿ

ಪ್ರೆಶರ್ ಸೇಫ್ಟಿ ವಾಲ್ವ್ ತರಿಸುವವರು, ಮೇಂಟೆನೆನ್ಸ್ ನೋಡಿಕೊಳ್ಳುವವರು ದಯವಿಟ್ಟು ಇದನ್ನು ಪೂರ್ತಿ ಓದಿ. ನಮಗಾದದ್ದು ನಿಮಗೆ ಆಗಬಾರದು.

ನಮ್ಮ ಏರ್ ರಿಸೀವರ್‌ಗೆ, ಅಂದರೆ ಒತ್ತಡದ ಗಾಳಿ ತುಂಬಿಡುವ ಟ್ಯಾಂಕಿಗೆ, ಹೊಸ ವಾಲ್ವ್ ತರಿಸಿದ್ದೆವು. ಸೆಟ್ ಪ್ರೆಶರ್ 10 ಬಾರ್. ಅಂದರೆ ಒತ್ತಡ ಅಷ್ಟಕ್ಕೆ ಏರಿದಾಗ ವಾಲ್ವ್ ತೆರೆದು ಗಾಳಿ ಹೊರಬಿಡಲು ಶುರು ಮಾಡಬೇಕು. ಲೈನಿನ ಕೆಲಸ ಮುಂದಕ್ಕೆ ಹೋಗುತ್ತಾ ಹೋಗಿ, ವಾಲ್ವ್ 14 ತಿಂಗಳು ಸ್ಟೋರ್‌ನಲ್ಲೇ ಉಳಿಯಿತು. ಕೂರಿಸಿ 5 ತಿಂಗಳಾಗುವಷ್ಟರಲ್ಲಿ ಔಟ್‌ಲೆಟ್‌ನಿಂದ ಸುಯ್ ಅಂತ ಗಾಳಿ ಸೋರತೊಡಗಿತು. ಹೊಸದು, ವಾರಂಟಿ ಇದೆ ಅನ್ನೋ ಧೈರ್ಯದಲ್ಲಿ ವಾಪಸ್ ಕಳಿಸಿದೆ. ಕ್ಲೇಮ್ ಆಗೋದಿಲ್ಲ ಅಂತ ಉತ್ತರ ಬಂತು.

ಷರತ್ತಿನ ಹಾಳೆ ತೆಗೆದು ನೋಡಿದೆ. ಚಾಲೂ ಮಾಡಿದ ದಿನದಿಂದ 12 ತಿಂಗಳು, ಇಲ್ಲವೇ ಡಿಸ್ಪ್ಯಾಚ್ ಆದ ದಿನದಿಂದ 18 ತಿಂಗಳು, ಯಾವುದು ಮೊದಲು ಮುಗಿಯುತ್ತದೋ ಅದು. ನಾನು 12 ಓದಿ ಬಿಟ್ಟಿದ್ದೆ. 14ಕ್ಕೆ 5 ಸೇರಿದರೆ 19. ಒಂದೇ ತಿಂಗಳು! ಬಹಳಷ್ಟು ಕೈಗಾರಿಕಾ ಸಾಮಾನುಗಳಿಗೆ ಇದೇ ಮಾತು ಬರೆದಿರುತ್ತದೆ. ಸ್ಟೋರ್‌ನಲ್ಲಿ ಸುಮ್ನೆ ಕೂತ ದಿನಗಳೂ ಲೆಕ್ಕಕ್ಕೆ ಬರುತ್ತವೆ.

ಅವಧಿ ಉಳಿದಿದ್ದರೂ ಕ್ಲೇಮ್ ಸಿಗುತ್ತಿರಲಿಲ್ಲ, ಯಾಕೆಂದರೆ ಸೀಲ್ ಒಡೆದಿತ್ತು. ವಾಲ್ವ್‌ನ ಕ್ಯಾಪ್‌ಗೆ ತಂತಿ ಸುತ್ತಿ ಸೀಸದ ಸೀಲ್ ಒತ್ತಿರುತ್ತಾರಲ್ಲ, ಆ ತಂತಿ ಕತ್ತರಿಸಿತ್ತು. ಸೋರಿಕೆ ನಿಲ್ಲಲಿ ಅಂತ ನಮ್ಮ ಫಿಟ್ಟರ್ ಒಬ್ಬರು ಕ್ಯಾಪ್ ಬಿಚ್ಚಿ, ಒಳಗಿನ ಸ್ಕ್ರೂ ಬಿಗಿ ಮಾಡಿದ್ದರು. ಒಳ್ಳೆಯ ಉದ್ದೇಶದಿಂದಲೇ. ಆದರೆ ಆ ಸ್ಕ್ರೂ ಸ್ಪ್ರಿಂಗನ್ನು ಒತ್ತುತ್ತದೆ, ಸೆಟ್ ಪ್ರೆಶರ್ ಮೇಲೇರುತ್ತದೆ. ಟೆಸ್ಟ್ ಬೆಂಚಿನ ಮೇಲೆ ವಾಲ್ವ್ ತೆರೆದದ್ದು 11.2 ಬಾರ್‌ಗೆ! ನಮ್ಮ ರಿಸೀವರ್ ತಡೆಯಬಹುದು ಅಂತ ಪ್ಲೇಟ್ ಮೇಲೆ ಬರೆದಿರೋದೇ 10 ಬಾರ್. ವಾಲ್ವ್ ಗಾಳಿ ಬಿಡುವಾಗ ಆ 10 ಬಾರ್ ಮೇಲೆ ಸಾಮಾನ್ಯವಾಗಿ ಒಪ್ಪುವ ಏರಿಕೆ ಶೇ. 10, ಅಂದರೆ 11 ಬಾರ್. ನಮ್ಮದು ತೆರೆಯಲು ಶುರುವಾಗುವುದೇ ಅದನ್ನು ದಾಟಿದ ಮೇಲೆ. ವರದಿ ಓದಿದಾಗ ಹಣದ ಚಿಂತೆ ಹೋಯಿತು, ಆ ರಿಸೀವರ್ ಪಕ್ಕದಲ್ಲಿ ದಿನವೂ ಓಡಾಡಿದ ಜನ ನೆನಪಾದರು.

ಇಷ್ಟಕ್ಕೂ ಸೋರಿದ್ದು ಯಾಕೆ? ನಾವು ರಿಸೀವರನ್ನು 9.5 ಬಾರ್‌ನಲ್ಲಿ ಓಡಿಸುತ್ತಿದ್ದೆವು. ಸೀಟ್ (ವಾಲ್ವ್ ಮುಚ್ಚಿದಾಗ ಒಳಗಿನ ಡಿಸ್ಕ್, ಅಂದರೆ ಮುಚ್ಚುವ ಬಿಲ್ಲೆ, ಕೂರುವ ಜಾಗ) ಸೋರುತ್ತದೋ ಇಲ್ಲವೋ ಅಂತ ಕಂಪನಿಯವರು ಪರೀಕ್ಷಿಸುವುದು ಸಾಮಾನ್ಯವಾಗಿ ಸೆಟ್ ಪ್ರೆಶರ್‌ನ ಶೇ. 90ರಲ್ಲಿ, ಅಂದರೆ ನಮ್ಮ ಲೆಕ್ಕಕ್ಕೆ 9 ಬಾರ್. ಅದಕ್ಕಿಂತ ಮೇಲೆ ಸೆಟ್ ಪ್ರೆಶರ್ ಹತ್ತಿರವಾದಂತೆ ಡಿಸ್ಕನ್ನು ಸೀಟಿಗೆ ಒತ್ತಿ ಹಿಡಿಯುವ ಬಲ ಕಡಿಮೆಯಾಗುತ್ತಾ ಬಂದು ಗಾಳಿ ಸಣ್ಣಗೆ ಜಾರುತ್ತದೆ. ಇದಕ್ಕೆ ಸಿಮ್ಮರ್ ಅನ್ನುತ್ತಾರೆ. ಅದರ ಜೊತೆಗೆ ಪೈಪಿನ ತುಕ್ಕಿನ ಚೂರು ಸೀಟ್ ಮೇಲೆ ಕೂತು ಕೂದಲೆಳೆಯಷ್ಟು ಗೆರೆ ಬಿದ್ದಿತ್ತು. ಕೂರಿಸುವ ಮುಂಚೆ ಲೈನ್ ಊದಿ ಸ್ವಚ್ಛ ಮಾಡಿರಲಿಲ್ಲ. ಕಸ, ತುಕ್ಕು, ಸವೆತ ಯಾವುದಕ್ಕೂ ವಾರಂಟಿ ಇಲ್ಲ ಅಂತ ಅದೇ ಹಾಳೆಯಲ್ಲಿತ್ತು.

ಇನ್ನೊಂದು ಪದ ಬ್ಲೋಡೌನ್. ತೆರೆದ ವಾಲ್ವ್ ಸೆಟ್ ಪ್ರೆಶರ್‌ಗಿಂತ ಎಷ್ಟು ಕೆಳಗಿಳಿದ ಮೇಲೆ ಮುಚ್ಚುತ್ತದೆ ಅನ್ನೋ ಅಂತರ ಅದು. 10 ಬಾರ್‌ಗೆ ತೆರೆದು 9.3ಕ್ಕೆ ಮುಚ್ಚಿದರೆ ಬ್ಲೋಡೌನ್ ಶೇ. 7. ಹಾಗಿರುವಾಗ 9.5ರಲ್ಲಿ ಓಡಿಸಿದರೆ, ಒಮ್ಮೆ ತೆರೆದದ್ದು ಮುಚ್ಚೋದೇ ಇಲ್ಲ ಅಲ್ವಾ? ಇದೂ ‘ವಾಲ್ವ್ ಕೆಟ್ಟಿದೆ’ ಅನ್ನೋ ದೂರಾಗಿಯೇ ಬರುತ್ತದೆ.

ಆರ್ಡರ್ ಹಾಕುವ ಮುಂಚೆಯೇ ವಾರಂಟಿ ಯಾವ ದಿನದಿಂದ ಅಂತ ಬರಹದಲ್ಲಿ ಕೇಳಿ. ಕೆಲಸ ತಡವಾಗುವ ಸೂಚನೆ ಇದ್ದರೆ ಅವಧಿ ಹೆಚ್ಚಿಸಲು ಆಗಲೇ ಮಾತಾಡಿ, ಆಮೇಲೆ ಯಾರೂ ಕೇಳಿಸಿಕೊಳ್ಳೋದಿಲ್ಲ. ವಾಲ್ವನ್ನು ನೆಟ್ಟಗೆ ನಿಲ್ಲಿಸಿ, ಪೈಪಿಗೆ ಜೋಡಿಸುವ ಫ್ಲೇಂಜ್‌ಗಳ ಮುಚ್ಚಳ ತೆಗೆಯದೆ ಇಡಿ. ಸೋರಿದರೆ ಮೊದಲು ಗೇಜ್ ನೋಡಿ, ಫೋಟೋ ತೆಗೆಯಿರಿ, ಕಂಪನಿಗೆ ತಿಳಿಸಿ. ಆ ತಂತಿಗೆ ಮಾತ್ರ ಯಾರೂ ಕಟಿಂಗ್ ಪ್ಲೇಯರ್ ಹಾಕದಂತೆ ನೋಡಿಕೊಳ್ಳಿ.