ಚೀನಾದ ಇಂಗ್ಲಿಷ್ ಬೇಸಿಗೆ ಶಿಬಿರಕ್ಕೆ ವಾಲಂಟಿಯರ್ ಟೀಚರ್ ಆಗಿ ಹೊರಟವರೇ, ಮೊದಲು ವೀಸಾ ನೋಡಿ

"ಟೂರಿಸ್ಟ್ ವೀಸಾ ಸಾಕು, ಎಲ್ಲರೂ ಹಾಗೇ ಬರ್ತಾರೆ." ಏಜೆಂಟ್ ಬಾಯಿಂದ ಈ ಮಾತು ಬಂತೋ, ಅಲ್ಲಿಗೇ ಕೈಬಿಡಿ. ಮುಂದಿನದು ಓದದಿದ್ದರೂ ಚಿಂತೆಯಿಲ್ಲ.

ಜಾಹೀರಾತು ನೀವೂ ನೋಡಿರುತ್ತೀರಿ. ಜುಲೈನಲ್ಲಿ ಹಳ್ಳಿಗಾಡಿನ ಬಡ ಮಕ್ಕಳಿಗೆ ಇಂಗ್ಲಿಷ್ ಕಲಿಸುವುದು, ದಿನಕ್ಕೆ ನಾಲ್ಕೇ ಗಂಟೆ ಪಾಠ, ತರಗತಿಗೆ ಹದಿನೈದೇ ಮಕ್ಕಳು, ಊಟ ವಸತಿ ಅವರದು. ಕೈಖರ್ಚಿಗೆ 2,000 ಯುವಾನ್. ವಿಮಾನದ ಟಿಕೆಟ್ ದುಡ್ಡು ಶಿಬಿರ ಮುಗಿದ ದಿನ ವಾಪಸ್. ಮೊದಲು ಕಟ್ಟುವ 300 ಡಾಲರ್ ಠೇವಣಿಯೂ ವಾಪಸ್. ಎಲ್ಲವೂ ವಾಪಸ್, ಆದರೆ ಎಲ್ಲವೂ ಕೊನೆಯ ದಿನ. ಈ 'ಕೊನೆಯ ದಿನ'ದಲ್ಲೇ ಇರುವುದು ಮರ್ಮ.

ನಂಬಿ ಹೋದ ನಮಗೆ ಅಲ್ಲಿ ನಡೆದದ್ದೇ ಬೇರೆ. ಬೆಳಿಗ್ಗೆ ಏಳಕ್ಕೆ ಮೈದಾನದಲ್ಲಿ ಮಕ್ಕಳ ಜೊತೆ ಕವಾಯತು. ನಲವತ್ತು ನಿಮಿಷದ ಪಿರಿಯಡ್ ಬೆಳಿಗ್ಗೆ ಮೂರು, ಮಧ್ಯಾಹ್ನ ಮೂರು. ಇಷ್ಟನ್ನೇ ಲೆಕ್ಕ ಹಾಕಿ ನಾಲ್ಕು ಗಂಟೆ ಅಂತಾರೆ. ಸಂಜೆಯ 'ಇಂಗ್ಲಿಷ್ ನೈಟ್', ರಾತ್ರಿ ಒಂಬತ್ತರ ಮೇಲೆ ಹಾಸ್ಟೆಲ್‌ನಲ್ಲಿ ಮಕ್ಕಳ ತಲೆ ಎಣಿಸುವುದು, ಪೋಷಕರ ವೀಚಾಟ್ (ಅಲ್ಲಿನ ಚಾಟ್ ಆ್ಯಪ್) ಗುಂಪಿಗೆ ಫೋಟೊ ವಿಡಿಯೊ ಹಾಕುವುದು, ಇವೆಲ್ಲ ಲೆಕ್ಕದಿಂದ ಹೊರಗೆ. ತರಗತಿಗೆ ಮೂವತ್ತಾರು ಮಕ್ಕಳು. ಲೆವೆಲ್ ಟೆಸ್ಟ್ ಇಲ್ಲ, ಪುಸ್ತಕವಿಲ್ಲ, ಇರುವುದು ಒಂದು ಪ್ರೊಜೆಕ್ಟರ್. ಎಬಿಸಿ ಬಾರದ ಆರು ವರ್ಷದ ಮಗುವನ್ನೂ ಸಲೀಸಾಗಿ ಪ್ಯಾರಾ ಓದುವ ಹದಿಮೂರರ ಹುಡುಗನನ್ನೂ ಒಂದೇ ಬೆಂಚಿನಲ್ಲಿ ಕೂರಿಸಿದರೆ ಯಾವ ಪಾಠ ನಡೆಯುತ್ತದೆ? ಪಾಠ ಮಾಡಿದವರಿಗೆ ಗೊತ್ತು: ಚಿಕ್ಕವನು ಅಳುತ್ತಾನೆ, ದೊಡ್ಡವನು ನಿದ್ದೆ ಹೊಡೆಯುತ್ತಾನೆ.

ಇದನ್ನೂ ಸಹಿಸಬಹುದಿತ್ತು. ರಕ್ತ ಕುದಿಸಿದ್ದು ಗೇಟಿನ ಪಕ್ಕದ ಬ್ಯಾನರ್. ಚೀನೀ ಅಕ್ಷರ ಯಾರಿಗೆ ಓದಲು ಬರುತ್ತದೆ ಅನ್ನುವ ಧೈರ್ಯ ಅವರಿಗೆ. ಫೋನ್ ಕ್ಯಾಮೆರಾ ಹಿಡಿದು ಅನುವಾದಿಸಿದರೆ: ಎರಡು ವಾರಕ್ಕೆ ಮಗುವೊಂದಕ್ಕೆ ಶುಲ್ಕ 6,800 ಯುವಾನ್! ಬಡ ಮಕ್ಕಳಂತೆ! ಮೂವತ್ತಾರರಿಂದ ಗುಣಿಸಿ ನೋಡಿ, ಒಂದೇ ತರಗತಿಗೆ 2,44,800 ಯುವಾನ್. ಅದರ ಕೆಳಗೆ ನಮ್ಮದೇ ಫೋಟೊಗಳು, 'ವಿದೇಶಿ ತಜ್ಞ ಶಿಕ್ಷಕರು' ಅಂತ. ಭಾರತದ ಮುಖದ ಕೆಳಗೆ 'ಲಂಡನ್', ಫಿಲಿಪೀನ್ಸ್‌ನವರ ಕೆಳಗೆ 'ಕೆನಡಾ'. ಪೋಷಕರು ಬಂದು ಲಂಡನ್ ಬಗ್ಗೆ ಕೇಳಿದರೆ ಮುಖ ಎಲ್ಲಿಡುವುದು?

ಕೋಆರ್ಡಿನೇಟರ್ ಉತ್ತರ: "ಅದು ಮಾರ್ಕೆಟಿಂಗ್ ವಿಭಾಗದ ಕೆಲಸ, ನಿಮಗೆ ಸಂಬಂಧ ಇಲ್ಲ." ಶುಲ್ಕದ ಬಗ್ಗೆ ಕೇಳಿದ್ದಕ್ಕೆ: "ನೀವು ವಾಲಂಟಿಯರ್. ದುಡ್ಡಿನ ಮಾತು ವಾಲಂಟಿಯರ್‌ಗಳಿಗೆ ಶೋಭೆ ತರಲ್ಲ." ಸಂಜೆಯ ಕೆಲಸ ಒಪ್ಪಂದದಲ್ಲಿಲ್ಲ ಅಂದಾಗ ಬಂದದ್ದು ಈ ಮಾತು: "ಪೊಲೀಸರ ಹತ್ತಿರ ಹೋಗಿ ಹೇಳ್ತೀರಾ? ನಿಮ್ಮ ವೀಸಾ ಯಾವುದು ಅಂತ ಅವರು ಕೇಳ್ತಾರೆ."

ಟೂರಿಸ್ಟ್ ವೀಸಾ ಸಾಕು ಅಂದದ್ದು ಇದಕ್ಕೇ. ಮೂಗುದಾರ ಹಾಕಿದ್ದು ಅಲ್ಲೇ.

ಸರಿಯಾಗಿ ತಿಳಿದುಕೊಳ್ಳಿ. ಎಲ್ ವೀಸಾ ಪ್ರವಾಸಕ್ಕೆ ಮಾತ್ರ. ಸಂಬಳದ ಕೆಲಸಕ್ಕೆ ಝಡ್ ವೀಸಾ, ಅದಕ್ಕೆ ಮೊದಲೇ ವರ್ಕ್ ಪರ್ಮಿಟ್ ಪತ್ರ ಬೇಕು. ಬಿಡಿಗಾಸಿಲ್ಲದ ಅಲ್ಪಾವಧಿ ಸ್ವಯಂಸೇವೆಗೆ ಎಫ್ ವೀಸಾದ ದಾರಿಯಿದೆ, ಅದಕ್ಕೆ ಅಲ್ಲಿನ ಸಂಸ್ಥೆಯ ಆಹ್ವಾನಪತ್ರ ಬೇಕು. ಆಹ್ವಾನಪತ್ರ ಕೊಟ್ಟರೆ ಸಂಸ್ಥೆಯ ಹೆಸರು ಸರ್ಕಾರಿ ಕಾಗದಕ್ಕೆ ಬರುತ್ತದೆ. ಅದಕ್ಕೇ ಕೊಡುವುದಿಲ್ಲ. ಇನ್ನು ಆ 2,000 ಯುವಾನ್ ಕೈಖರ್ಚು ಇದೆಯಲ್ಲ, ಅದನ್ನು ಮುಟ್ಟಿದಿರೋ, ಬಿಟ್ಟಿ ಸೇವೆ ಅನ್ನುವ ನಿಮ್ಮ ವಾದವೂ ಬಿತ್ತು. 2013ರ ಜುಲೈ 1ರಿಂದ ಜಾರಿಯಲ್ಲಿರುವ ಅಲ್ಲಿನ ಆಗಮನ-ನಿರ್ಗಮನ ಕಾಯ್ದೆಯ 80ನೇ ಕಲಮಿನಂತೆ ಅಕ್ರಮ ಕೆಲಸಕ್ಕೆ 5,000ದಿಂದ 20,000 ಯುವಾನ್ ದಂಡ. ಪ್ರಕರಣ ಗಂಭೀರವಾದರೆ ಜೊತೆಗೆ 5ರಿಂದ 15 ದಿನ ಬಂಧನ. ಇಟ್ಟುಕೊಂಡವರಿಗೂ ತಲೆಗೆ 10,000 ಯುವಾನ್ ದಂಡವಿದೆ. ಈ ಸಾಲನ್ನು ಮಾತ್ರ ಯಾವ ಕೋಆರ್ಡಿನೇಟರೂ ಹೇಳುವುದಿಲ್ಲ!

ಇನ್ನೊಂದು. ಹೋಟೆಲ್ ಬಿಟ್ಟು ಬೇರೆಡೆ ತಂಗಿದರೆ 24 ಗಂಟೆಯೊಳಗೆ ಪೊಲೀಸರಲ್ಲಿ ವಾಸ ನೋಂದಣಿ ಆಗಬೇಕು, ಇಲ್ಲದಿದ್ದರೆ 2,000 ಯುವಾನ್‌ವರೆಗೆ ದಂಡ. ಶಿಬಿರದವರು ಮಾಡಿದ್ದೇನು? ಪಟ್ಟಣದ ಹೋಟೆಲೊಂದರಲ್ಲಿ ಒಂದು ರಾತ್ರಿ ಮಲಗಿಸಿ ಅಲ್ಲಿಂದಲೇ ನೋಂದಣಿ ಮುಗಿಸಿ, ಮರುದಿನ ಶಾಲೆಯ ಹಾಸ್ಟೆಲ್‌ಗೆ ಸಾಗಿಸಿದರು. ಕಾಗದದಲ್ಲಿ ಒಂದು ವಿಳಾಸ, ಹಾಸಿಗೆ ಇನ್ನೊಂದು ಕಡೆ. ತಪಾಸಣೆಗೆ ಬಂದರೆ ಸಿಕ್ಕಿಬೀಳುವವರು ನೀವು.

ಇಷ್ಟು ಕಳ್ಳಾಟ ಏಕೆಂದರೆ 2021ರ ಜುಲೈನಲ್ಲಿ ಚೀನಾ ಸರ್ಕಾರ ತಂದ 'ಎರಡು ಹೊರೆ ಇಳಿಕೆ' (ಹೋಮ್‌ವರ್ಕ್, ಟ್ಯೂಷನ್ ಎರಡರ ಹೊರೆ) ನೀತಿ ಬೇಸಿಗೆ ರಜೆಯಲ್ಲಿ ಶಾಲಾ ವಿಷಯಗಳ ಖಾಸಗಿ ಪಾಠವನ್ನೇ ನಿಷೇಧಿಸಿದೆ. ಇಂಗ್ಲಿಷೂ ಅದರಲ್ಲಿ ಸೇರಿದೆ. ಅದಕ್ಕೇ ಬ್ಯಾನರ್‌ನಲ್ಲಿ 'ನಾಟಕ ಮತ್ತು ಸಂಸ್ಕೃತಿ ಶಿಬಿರ'. ಒಳಗೆ ನಡೆಯುವುದು ವ್ಯಾಕರಣ. ಯಾರಾದರೂ ಅಧಿಕಾರಿ ಬಂದರೆ ಹಾಡು ಹೇಳಿಸಬೇಕಂತೆ, ಹಾಗಂತ ಮೊದಲೇ ತಾಕೀತು.

ಕೊನೆಯ ದಿನದ ಕಥೆ ಕೇಳಿ. ಟಿಕೆಟ್ ದುಡ್ಡು? "ಅಕೌಂಟ್ಸ್‌ನವರು ರಜೆಯಲ್ಲಿದ್ದಾರೆ." ಠೇವಣಿ? "ನಡವಳಿಕೆ ವರದಿ ಬರಬೇಕು." ಊರಿಗೆ ಬಂದು ಕೇಳಿದರೆ ಒಂದು ಹೆಬ್ಬೆರಳಿನ ಇಮೋಜಿ. ಆಮೇಲೆ ಗುಂಪಿನಿಂದಲೇ ಹೊರಗೆ. 300 ಡಾಲರ್‌ಗೆ ಹೆಬ್ಬೆರಳು!

ಹೋಗಲೇಬೇಕೆಂದರೆ: ಆಹ್ವಾನಪತ್ರದಲ್ಲಿ ಸಂಸ್ಥೆಯ ಚೀನೀ ಹೆಸರು, ಶಿಬಿರದ ವಿಳಾಸ, ನಿಮ್ಮ ಕೆಲಸ ಮೂರೂ ಇರಲಿ, ಅದರ ಮೇಲೇ ವೀಸಾ ಹಾಕಿ. ಟಿಕೆಟ್ ಅವರೇ ಕೊಂಡು ಕಳಿಸಲಿ. ಠೇವಣಿ ಒಂದು ಪೈಸೆಯೂ ಬೇಡ. ಗಂಟೆಯ ಲೆಕ್ಕದಲ್ಲಿ ಸಂಜೆ, ರಾತ್ರಿ ಎರಡೂ ಬರಲಿ. ನೋಂದಣಿ ಚೀಟಿಯನ್ನು ಮೊದಲ ದಿನವೇ ಕೇಳಿ ಪಡೆದು, ಅದರ ವಿಳಾಸಕ್ಕೂ ನೀವು ಮಲಗುವ ಜಾಗಕ್ಕೂ ತಾಳೆ ನೋಡಿ. ವೀಚಾಟ್ ಮಾತುಕತೆಯ ಸ್ಕ್ರೀನ್‌ಶಾಟ್ ದಿನದಿನವೂ ತೆಗೆದಿಡಿ. ಜಿಮೇಲ್, ವಾಟ್ಸ್ಆ್ಯಪ್ ಅಲ್ಲಿ ತೆರೆಯುವುದಿಲ್ಲ, ಹಾಗಾಗಿ ಕಾಗದದ ಪ್ರತಿಗಳೂ ಕೈಚೀಲದಲ್ಲಿರಲಿ. ವಲಸೆ ಇಲಾಖೆಯ ಸಹಾಯವಾಣಿ 12367, ಇಂಗ್ಲಿಷಿನಲ್ಲೂ ಉತ್ತರಿಸುತ್ತಾರೆ. ವೀಸಾ ಸರಿಯಿದ್ದರೆ ಮಾತ್ರ ಈ ನಂಬರಿಗೆ ಕರೆ ಮಾಡುವ ಧೈರ್ಯ ಇರುತ್ತದೆ ಅನ್ನುವುದು ಆ ಕೋಆರ್ಡಿನೇಟರ್‌ಗೂ ಚೆನ್ನಾಗಿ ಗೊತ್ತು.

ದುಡ್ಡು ಇನ್ನೂ ಬಂದಿಲ್ಲ. ಅದೇ ಜಾಹೀರಾತು ಮುಂದಿನ ಜುಲೈಗೂ ಶುರುವಾಗಿದೆ. ಠೇವಣಿ ಈಗ 350 ಡಾಲರ್, ವೀಸಾ ಅನ್ನುವ ಸಾಲಿನಲ್ಲಿ 'ಆಯ್ಕೆಯಾದ ಮೇಲೆ ತಿಳಿಸುತ್ತೇವೆ' ಅಂತಿದೆ.