ಫಿಸ್ಕಾರ್ಸ್ ಎಕ್ಸ್27 ಕೊಡಲಿ ತಗೋಬಹುದಾ? ತಗೊಳ್ಳಿ, ಆದ್ರೆ ಮೊದ್ಲು ಸೌದೆ ವಿಚಾರ ಕೇಳಿ

ಅಮೆರಿಕದ ನ್ಯೂ ಹ್ಯಾಂಪ್‌ಶೈರ್, ವರ್ಮಾಂಟ್ ಕಡೆ ಮನೆ ತಗೊಂಡಿರೋ ನಮ್ಮೋರು ಯಾರಾದ್ರೂ ಫೋನ್ ಮಾಡಿದ್ರೆ ನವರಾತ್ರಿ ಹೊತ್ತಿಗೆ ಒಂದೇ ಪ್ರಶ್ನೆ, ಮನೇಲಿ ವುಡ್ ಸ್ಟವ್ (ಮನೆ ಬೆಚ್ಚಗಿಡೋ ಸೌದೆ ಒಲೆ) ಇದೆ ಕಣೋ, ಸೌದೆ ಒಡಿಯಕ್ಕೆ ಯಾವ ಕೊಡಲಿ ತಗೊಳ್ಲಿ ಅಂತ. ಪ್ರತಿಯೊಬ್ಬರಿಗೂ ಬಾಯಲ್ಲಿ ಹೇಳಿ ಹೇಳಿ ಸಾಕಾಗಿದೆ, ಅದಕ್ಕೆ ಒಂದ್ಸಲ ಬರೆದು ಹಾಕ್ತಿದೀನಿ. ಕೊಡಲಿ ಚೆನ್ನಾಗಿದೆ, ಕೊಟ್ಟ ದುಡ್ಡಿಗೆ ಮೋಸ ಇಲ್ಲ. ಆದ್ರೆ ನೀವು ಈ ಪ್ರಶ್ನೆನ ನವರಾತ್ರಿಗೆ ಕೇಳ್ತಿದೀರ ಅಂದ್ರೆ ಈ ವರ್ಷದ ಚಳಿಗೆ ಅದ್ರಿಂದ ದೊಡ್ಡ ಉಪಯೋಗ ಇಲ್ಲ, ಯಾಕೆ ಅಂತ ಮುಂದೆ ಹೇಳ್ತೀನಿ.

ಮೊದ್ಲು ಕೊಡಲಿ. ಫಿಸ್ಕಾರ್ಸ್ ಫಿನ್‌ಲ್ಯಾಂಡಿನ ಕಂಪನಿ, 1649ರಲ್ಲಿ ಕಬ್ಬಿಣದ ಕಾರ್ಖಾನೆಯಾಗಿ ಶುರುವಾಗಿದ್ದು. ಕಿತ್ತಳೆ ಹಿಡಿಯ ಕತ್ತರಿ ನೋಡಿರ್ತೀರಲ್ಲ, ಅದೇ ಕಂಪನಿ. ಎಕ್ಸ್27 ಅನ್ನೋದು ಸೌದೆ ಸೀಳೋಕೇ ಅಂತ ಮಾಡಿರೋ ಕೊಡಲಿ, ಮರ ಕಡಿಯೋಕಲ್ಲ. ಕಾವು 36 ಇಂಚು ಉದ್ದ, ತಲೆ ಭಾಗ ಸುಮಾರು 4 ಪೌಂಡು, ಒಟ್ಟಾರೆ ಎತ್ತಿದ್ರೆ 6 ಪೌಂಡಿನ ಆಸುಪಾಸು. ಕಾವು ಮರದ್ದಲ್ಲ, ಫೈಬರ್ ಸೇರಿಸಿದ ಪ್ಲಾಸ್ಟಿಕ್, ತಲೆ ಸುತ್ತ ಎರಕ ಹೊಯ್ದ ಹಾಗೆ ಕೂರಿಸಿರ್ತಾರೆ, ಹಾಗಾಗಿ ಬೇಸಿಗೇಲಿ ಕಾವು ಒಣಗಿ ತಲೆ ಸಡಿಲ ಆಗೋದು, ನೀರಲ್ಲಿ ನೆನೆಹಾಕೋದು, ಬೆಣೆ ಹೊಡೆಯೋದು ಯಾವ್ದೂ ಇಲ್ಲ. ಕೊಡಲಿ ಕಾವು ಕುಲಕ್ಕೆ ಮೃತ್ಯು ಅನ್ನೋ ಗಾದೆ ಇದ್ರ ಹತ್ರ ನಡಿಯಲ್ಲ! ಹಾಗೇ ಕಾವು ಮುರಿದ್ರೆ ನೀವೇ ಬೇರೆ ಕಾವು ಹಾಕ್ಕೊಳ್ಳೋಕೂ ಆಗಲ್ಲ, ಕಂಪನಿಯ ಲೈಫ್‌ಟೈಮ್ ವಾರಂಟಿನೇ ಗತಿ.

ಇಷ್ಟು ಹಗುರ ಕೊಡಲೀಲಿ ದಪ್ಪ ಕೊರಡು ಸೀಳುತ್ತಾ ಅಂತ ಎಲ್ರಿಗೂ ಡೌಟು. ಇಲ್ಲಿ ಹಳಬರೆಲ್ಲ 8 ಪೌಂಡಿನ ಮಾಲ್ ಇಟ್ಕೊಂಡಿರ್ತಾರೆ, ಒಂದು ಕಡೆ ಸುತ್ತಿಗೆ ಒಂದು ಕಡೆ ಕೊಡಲಿ ಇರುತ್ತಲ್ಲ ಅದು. ಅದು ಕೆಟ್ಟದ್ದು ಅಂತಲ್ಲ, ಆದ್ರೆ ಆಫೀಸಲ್ಲಿ ಕೂತು ಕೂತು ಸೊಂಟ ಹಿಡ್ಕೊಂಡಿರೋ ನಮ್ಮಂಥೋರು ಅದನ್ನ ಅರ್ಧ ಗಂಟೆ ಎತ್ತಿದ್ರೆ ಮಾರನೇ ದಿನ ಮೀಟಿಂಗಲ್ಲಿ ಮೌಸ್ ಹಿಡಿಯೋಕೂ ಕೈ ಏಳಲ್ಲ. ಸ್ಕೂಲಲ್ಲಿ ಓದಿದ್ದು ನೆನಪಿದ್ರೆ, ಹೊಡೆತದ ಶಕ್ತಿ ತೂಕಕ್ಕೆ ತಕ್ಕಷ್ಟೇ ಹೆಚ್ಚುತ್ತೆ, ವೇಗ ಡಬಲ್ ಆದ್ರೆ ಮಾತ್ರ ನಾಲ್ಕು ಪಟ್ಟು ಆಗುತ್ತೆ. ಉದ್ದ ಕಾವು, ಹಗುರ ತಲೆ ಇದ್ರೆ ಬೀಸು ಜೋರಾಗಿ ಬರುತ್ತೆ, ತಲೆಯ ಎರಡೂ ಕೆನ್ನೆ ಉಬ್ಬಿರೋದ್ರಿಂದ ಒಳಗೆ ಹೋದ ತಕ್ಷಣ ಅಗಲಿಸಿಬಿಡುತ್ತೆ, ಅಷ್ಟೇ ವಿಷಯ.

ನೇರ ಎಳೆಯ ಆ್ಯಶ್ ಮರದ ಕೊರಡು ಇಟ್ಟು ನೋಡಿ. ಕುಯ್ದ ಮುಖದಲ್ಲಿ ನಡು ಮಧ್ಯದಿಂದ ಅಂಚಿಗೆ ಸಣ್ಣ ಬಿರುಕು ಹೋಗಿರುತ್ತೆ, ಆ ಬಿರುಕಿನ ಗೆರೆ ಮೇಲೇ ಬಾಯಿ ಬೀಳೋ ಹಾಗೆ, ನಿಮ್ಮ ಕಡೆಯ ಅಂಚಿಗೆ ಹತ್ರ ಹೊಡೀಬೇಕು, ನಟ್ಟ ನಡುವೆ ಅಲ್ಲ. ಠಳ್ ಅಂತ ಒಂದೇ ಸದ್ದು, ಎರಡು ಹೋಳು ಎರಡು ಕಡೆ, ಒಳಗಡೆ ಬೆಳ್ಳಗೆ ನುಣ್ಣಗೆ ಇರುತ್ತೆ. ಆ ಸದ್ದಿಗೆ ಒಂಥರಾ ಚಟ ಹತ್ತುತ್ತೆ, ಸುಳ್ಳಲ್ಲ. ಶುಗರ್ ಮೇಪಲ್ ಸ್ವಲ್ಪ ಗಟ್ಟಿ, ಆದ್ರೆ ಜನವರೀಲಿ ಮೈನಸ್ ಹೋದಾಗ ಮರದೊಳಗಿನ ನೀರು ಹೆಪ್ಪುಗಟ್ಟಿರುತ್ತೆ, ಆಗ ಅದೂ ಸಲೀಸಾಗಿ ಬಿಟ್ಕೊಳ್ಳುತ್ತೆ. ತೀರಾ ದಪ್ಪ ಕೊರಡಾದ್ರೆ ಎರಡು ಭಾಗ ಮಾಡೋ ಹಟ ಬೇಡ, ಸುತ್ತ ಅಂಚಿಂದ ಚಪ್ಪೆ ಚಪ್ಪೆಯಾಗಿ ಎಬ್ಬಿಸ್ತಾ ಬನ್ನಿ.

ಇದ್ರ ಆಟ ನಡಿಯದೇ ಇರೋದು ಎಲ್ಮ್ ಮರದ ಹತ್ರ. ಅದ್ರ ಎಳೆಗಳು ಒಂದಕ್ಕೊಂದು ಹೆಣಕೊಂಡಿರ್ತವೆ, ಕೊಡಲಿ ಕಚ್ಕೊಂಡು ಕೂತ್ರೆ ಬಿಡ್ಸೋದೇ ಒಂದು ಕೆಲಸ. ಕವಲು ಇರೋ ಕೊರಡು, ಗಂಟು ಇರೋದು ಕೂಡ ಹಾಗೇ. ಅದಕ್ಕೆ ಕಬ್ಬಿಣದ ಎರಡು ಬೆಣೆ, ಒಂದು ದೊಡ್ಡ ಸುತ್ತಿಗೆ ಬೇಕೇ ಬೇಕು. ಕೊಡಲಿ ಸಿಕ್ಕಿಹಾಕ್ಕೊಂಡಾಗ ಅದ್ರ ಬೆನ್ನಿಗೆ ಸುತ್ತಿಗೇಲಿ ಹೊಡಿಯೋಕೆ ಕೈ ತುರಿಸುತ್ತೆ, ದಯವಿಟ್ಟು ಬೇಡ, ಎಕ್ಸ್27 ಬೆಣೆ ಅಲ್ಲ, ಕಂಪನಿನೇ ಬೇಡ ಅಂತ ಹೇಳಿದೆ, ಕಬ್ಬಿಣದ ಚೂರು ಸಿಡಿದು ಕಣ್ಣಿಗೆ ಬಂದ್ರೆ ಆಮೇಲೆ ಯಾವ ವಾರಂಟಿನೂ ಬರಲ್ಲ. ಕನ್ನಡಕ ಹಾಕ್ಕೊಂಡೇ ಹೊಡೀರಿ.

ಎತ್ತರದ ವಿಚಾರ. ಇದೇ ಸಾಲಲ್ಲಿ ಎಕ್ಸ್25 ಅಂತ 28 ಇಂಚಿಂದು ಸಿಗುತ್ತೆ, ನಾನು ಕುಳ್ಳ ನನಗೆ ಅದೇ ಸಾಕು ಅಂತ ಕೆಲವ್ರು ತಗೋತಾರೆ. ಸೌದೆ ಒಡೆಯೋಕೆ ನನ್ನ ಓಟು ಉದ್ದದ್ದಕ್ಕೇ. ಗುರಿ ತಪ್ಪಿದ್ರೆ ಉದ್ದ ಕಾವಿನ ಕೊಡಲಿ ಕೆಳಗಿನ ಕೊರಡಿಗೋ ನೆಲಕ್ಕೋ ಹೋಗಿ ಬೀಳುತ್ತೆ, ಗಿಡ್ಡದ್ದಾದ್ರೆ ತಿರುಗಿ ಮೊಣಕಾಲ ಕೆಳಗೆ ಬರೋ ಸಾಧ್ಯತೆ ಜಾಸ್ತಿ. ಕೆಳಗೆ ಒಂದೂಕಾಲು ಅಡಿ ಎತ್ತರದ ದಪ್ಪ ಕೊರಡು ಇಟ್ಕೊಳ್ಳಿ, ಅದ್ರ ಮೇಲೆ ಹಳೇ ಕಾರಿನ ಟೈರ್ ಇಟ್ಟು ಟೈರೊಳಗೆ ಸೌದೆ ನಿಲ್ಸಿ ಹೊಡೆದ್ರೆ ಹೋಳುಗಳು ಅಂಗಳ ತುಂಬಾ ಹಾರಲ್ಲ, ಪ್ರತಿಸಲ ಬಗ್ಗಿ ಹೆಕ್ಕೋ ಕೆಲಸ ತಪ್ಪುತ್ತೆ. ಟೈರ್ ಪುಕ್ಕಟೆ ಸಿಗುತ್ತೆ, ಗ್ಯಾರೇಜಲ್ಲಿ ಕೇಳಿದ್ರೆ ಖುಷಿಯಿಂದ ಕೊಡ್ತಾರೆ.

ಈಗ ಬರ್ತೀನಿ ಸೌದೆಗೆ. ಚಳಿಗಾಲಕ್ಕೆ ಮನೆ ಬೆಚ್ಚಗಿಡೋದು ಕೊಡಲಿನೂ ಅಲ್ಲ, ಮರನೂ ಅಲ್ಲ, ಒಣಗಿರೋ ಮರ. ನೀವು ದುಡ್ಡು ಕೊಡ್ತಿರೋದು ಆ ಒಣಗಿಗೆ. ಅಂಗಡಿಯೋರು, ಲಾರಿಯೋರು ಮಾತಾಡೋದೆಲ್ಲ ಮರದ ಜಾತಿ ಬಗ್ಗೆ, ಓಕ್ ಸಾರ್, ಮೇಪಲ್ ಸಾರ್ ಅಂತ, ಒಣಗಿನ ಬಗ್ಗೆ ಮಾತ್ರ "ಸೀಸನ್ಡ್", ಅಂದ್ರೆ ಒಣಗಿಸಿದ್ದು, ಅಂತ ಒಂದು ಪದ ಎಸೆದು ಸುಮ್ಮನಾಗ್ತಾರೆ. ನಾನು ಅಕ್ಟೋಬರಲ್ಲಿ ಒಬ್ಬ ಮಾರಾಟಗಾರನ ಹತ್ರ ಸೀಸನ್ಡ್ ಓಕ್ ಅಂತ ತರಿಸಿದ್ದು, ಹೆಸರು ಬೇಡ, ಸೀಳಿ ತೇವ ಅಳೆಯೋ ಮೀಟರ್ ಚುಚ್ಚಿದ್ರೆ 34 ಪರ್ಸೆಂಟು. ಕೇಳಿದ್ರೆ ಒಂದು ವರ್ಷದಿಂದ ಬಿದ್ದಿದೆ ಅಂದ. ಬಿದ್ದಿರೋದು ಹೌದು, ಆದ್ರೆ ಉದ್ದ ದಿಮ್ಮಿಯಾಗಿ ಬಿದ್ದಿತ್ತು, ಸೀಳಿದ್ದು ಹೋದ ತಿಂಗಳು. ದಿಮ್ಮಿಯಾಗಿದ್ದಾಗ ಮರ ಒಣಗೋದೇ ಇಲ್ಲ ಅನ್ನಬಹುದು, ಸೀಳಿದ ಮೇಲೇ ಲೆಕ್ಕ ಶುರು, ಅಂದ್ರೆ ನವರಾತ್ರಿಗೆ ಸೀಳಿದ್ದು ಈ ಚಳಿಗೆ ಒಣಗಲ್ಲ. ಅದಕ್ಕೇ ಯಾವಾಗ ಕಡಿದಿದ್ದು ಅಂತ ಕೇಳ್ಬೇಡಿ, ಯಾವಾಗ ಸೀಳಿದ್ದು ಅಂತ ಕೇಳಿ.

ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಇಪಿಎ ಹೇಳೋದು 20 ಪರ್ಸೆಂಟಿಗಿಂತ ಕಮ್ಮಿ ತೇವ ಇರಬೇಕು ಅಂತ. ಎರಡು ಮುಳ್ಳಿರೋ ಮೀಟರ್ 25-30 ಡಾಲರಿಗೆ ಸಿಗುತ್ತೆ, ಎಕ್ಸ್27ಗಿಂತ ಮುಂಚೆ ಅದನ್ನ ತಗೊಳ್ಳಿ. ಸೌದೆಯ ಹೊರಮೈಗೆ ಚುಚ್ಚಿ ಆಹಾ 15 ಅಂತ ಖುಷಿಪಡೋದಲ್ಲ, ಹೊರಗೆ ಯಾವಾಗ್ಲೂ ಒಣಗೇ ಇರುತ್ತೆ. ಒಂದು ಹೋಳು ತಗೊಂಡು ಮತ್ತೆ ಎರಡು ಮಾಡಿ, ಹೊಸದಾಗಿ ತೆರೆದ ಮುಖದ ನಡುವೆ, ಎಳೆ ಹೋಗೋ ದಿಕ್ಕಿಗೆ ಮುಳ್ಳು ಒತ್ತಿ ಓದಬೇಕು. ಹೆಪ್ಪುಗಟ್ಟಿರೋ ಸೌದೆಗೆ ಚುಚ್ಚಿದ್ರೆ ತಪ್ಪು ಲೆಕ್ಕ ತೋರಿಸುತ್ತೆ, ಒಳಗೆ ತಂದು ಒಂದು ದಿನ ಇಟ್ಟು ಆಮೇಲೆ ನೋಡಿ. ಹಸಿ ಸೌದೆ ಉರಿಸಿದ್ರೆ ಬೆಂಕಿಯ ಶಾಖದಲ್ಲಿ ಒಂದು ಪಾಲು ಒಳಗಿನ ನೀರು ಕಾಯಿಸೋಕೇ ಹೋಗುತ್ತೆ, ಗಾಜು ಕಪ್ಪಾಗುತ್ತೆ, ತಣ್ಣಗಿನ ಹೊಗೆ ಮೇಲೆ ಹೋಗ್ತಾ ಚಿಮಣಿ ಒಳಗೋಡೆಗೆ ಟಾರಿನ ಥರ ಅಂಟುತ್ತೆ, ಅದೇ ಕ್ರಿಯೋಸೋಟು. ಅದಕ್ಕೆ ಒಂದಿನ ಬೆಂಕಿ ಹತ್ತಿದ್ರೆ ಮನೆನೇ ಹೋಗುತ್ತೆ. ವರ್ಷಕ್ಕೊಂದ್ಸಲ ಚಿಮಣಿ ಗುಡಿಸೋರನ್ನ ಕರೆಸೋದು ಜಿಪುಣತನ ತೋರಿಸೋ ಜಾಗ ಅಲ್ಲ.

ಅಳತೇಲೂ ಹುಷಾರು. ಇಲ್ಲಿ ಸೌದೆ ಲೆಕ್ಕ ಕಾರ್ಡ್‌ನಲ್ಲಿ, 4 ಅಡಿ ಅಗಲ 4 ಅಡಿ ಎತ್ತರ 8 ಅಡಿ ಉದ್ದ, 128 ಘನ ಅಡಿ, ಒತ್ತೊತ್ತಾಗಿ ಒಟ್ಟಿದ ಮೇಲೆ. ಫೇಸ್ ಕಾರ್ಡ್ ಅಂತ ಒಂದು ಹೇಳ್ತಾರೆ, ಅದು 16 ಇಂಚಿನ ಸೌದೆಯ ಒಂದೇ ಸಾಲು, ಅಂದ್ರೆ ಕಾರ್ಡಿನ ಮೂರನೇ ಒಂದು ಭಾಗ. ಮಾಮೂಲಿ ಪಿಕಪ್ ಟ್ರಕ್ಕಲ್ಲಿ ಒಂದೇ ಲೋಡಿಗೆ ಪೂರ್ತಿ ಕಾರ್ಡ್ ತಂದೆ ಅಂತ ಯಾರಾದ್ರೂ ಅಂದ್ರೆ ನಂಬಬೇಡಿ, ಅಂಚಿನ ಮಟ್ಟಕ್ಕೆ ತುಂಬಿದ್ರೆ ಅರ್ಧ ಕಾರ್ಡ್ ಹಿಡಿದ್ರೆ ಹೆಚ್ಚು. ಒಟ್ಟಿ, ಟೇಪ್ ಹಿಡಿದು, ಆಮೇಲೆ ಪೂರ್ತಿ ದುಡ್ಡು.

ಮರದ ಆಯ್ಕೆ ಬಗ್ಗೆ ಹೆಚ್ಚು ಕೊರೆಯಲ್ಲ. ಓಕ್ ಒಣಗೋಕೆ ಎರಡು ಬೇಸಿಗೆ ಬೇಕು, ಕೆಲವ್ಸಲ ಇನ್ನೂ ಜಾಸ್ತಿ. ಆ್ಯಶ್ ಹಸಿ ಇದ್ದಾಗಲೇ ನೀರು ಕಮ್ಮಿ, ವಸಂತದಲ್ಲಿ ಸೀಳಿ ಒಟ್ಟಿದ್ರೆ ಮುಂದಿನ ಚಳಿಗೆ ಬಹುತೇಕ ರೆಡಿ. ಈಗ ಆ್ಯಶ್ ಜಾಸ್ತಿ ಸಿಗ್ತಿರೋದಕ್ಕೆ ಕಾರಣ ಬೇಜಾರಿಂದು, ಎಮರಾಲ್ಡ್ ಆ್ಯಶ್ ಬೋರರ್ ಅನ್ನೋ ಹಸಿರು ಜೀರುಂಡೆ. ಡೆಟ್ರಾಯಿಟ್ ಹತ್ರ 2002ರಲ್ಲಿ ಪತ್ತೆಯಾಗಿದ್ದು, 2013ರಲ್ಲಿ ನ್ಯೂ ಹ್ಯಾಂಪ್‌ಶೈರಿನ ಕಾಂಕಾರ್ಡಿಗೂ ಬಂತು, ತೊಗಟೆ ಕೆಳಗೆ ಮರಿಹುಳ ಕೊರೆದು ಕೊರೆದು ಮರಗಳನ್ನ ಸಾಯಿಸ್ತಿದೆ. ಸೌದೆ ಜೊತೆ ಸವಾರಿ ಮಾಡಿ ಹರಡೋ ಹುಳ ಇದು, ಹಾಗಾಗಿ ಸೌದೆನ ದೂರದಿಂದ ತರಿಸಬೇಡಿ, ಕ್ಯಾಂಪಿಂಗಿಗೆ ಹೋಗ್ತಾ ಮನೆ ಸೌದೆ ಡಿಕ್ಕೀಲಿ ಹಾಕ್ಕೊಂಡು ಹೋಗ್ಬೇಡಿ. ಬಿಳಿ ಬರ್ಚ್ ಸಿಕ್ರೆ ತಕ್ಷಣ ಸೀಳಿ, ಅದ್ರ ತೊಗಟೆ ನೀರನ್ನ ಹೊರಗೆ ಬಿಡಲ್ಲ, ದಿಮ್ಮಿಯಾಗೇ ಬಿಟ್ರೆ ಒಳಗೊಳಗೇ ಕೊಳೆಯುತ್ತೆ. ತೊಗಟೆ ಎಸೀಬೇಡಿ, ಒಲೆ ಹಚ್ಚೋಕೆ ನಮ್ಮ ತೆಂಗಿನ ಗರಿಗೇ ಸಮ.

ಒಟ್ಟೋ ವಿಷಯದಲ್ಲಿ ನನಗೂ ಊರಿಗೂ ಜಗಳ ಇನ್ನೂ ಮುಗಿದಿಲ್ಲ. ನಮ್ದು ತೀರ್ಥಹಳ್ಳಿ ಕಡೆ, ಮೇ ತಿಂಗಳು ಮುಗಿಯೋದ್ರೊಳಗೆ ಬಚ್ಚಲೊಲೆ ಸೌದೆಯೆಲ್ಲ ಕೊಟ್ಟಿಗೆ ಸೇರಿ, ಮಳೆ ಹೊಡೆಯೋ ದಿಕ್ಕಿಗೆ ಸೋಗೆ ತಟ್ಟಿ ಕಟ್ಟಿ ಆಗಿರಬೇಕು. ವಿಡಿಯೋ ಕಾಲಲ್ಲಿ ಅಂಗಳದ ಸಾಲು ತೋರಿಸಿದ್ರೆ ಅಪ್ಪಯ್ಯ, "ಎಂತ ಮಾರಾಯ, ಬಯಲಲ್ಲಿ ಒಟ್ಟಿದೀಯ, ಸುತ್ತ ಒಂದು ಟಾರ್ಪಾಲಾದ್ರೂ ಹೊಚ್ಚು" ಅಂದ್ರು. "ಇಲ್ಲ ಅಪ್ಪಯ್ಯ, ಇಲ್ಲಿ ಗಾಳಿನೇ ಒಣಗ್ಸೋದು, ಮುಚ್ಚಿದ್ರೆ ಬೂಸ್ಟು ಬರುತ್ತೆ" ಅಂದೆ. "ಹೌದನಾ" ಅಂದ್ರು, ನಂಬಿದ ಹಾಗೆ ಕಾಣ್ಲಿಲ್ಲ. ಅವ್ರ ಊರಿನ ಮಳೆಗೆ ಅವ್ರು ಹೇಳೋದು ನೂರಕ್ಕೆ ನೂರು ಸರಿ. ಇಲ್ಲಿ ಮಾತ್ರ ಹಳೇ ಪ್ಯಾಲೆಟ್ (ಸರಕು ಇಡೋ ಮರದ ಹಲಗೆ ಚೌಕಟ್ಟು) ಮೇಲೆ, ನೆಲ ಮುಟ್ಟದ ಹಾಗೆ, ಬಿಸಿಲು ಗಾಳಿ ಆಡೋ ಕಡೆ, ಒಂದೇ ಸಾಲು ಅಗಲಕ್ಕೆ ಒಟ್ಟಿ, ತಲೆಗೆ ಮಾತ್ರ ತಗಡೋ ಟಾರ್ಪಾಲೋ ಹಾಕಿ ಪಕ್ಕ ಎಲ್ಲ ತೆರೆದಿಡಬೇಕು. ಮನೆ ಗೋಡೆಗೆ ಒರಗಿಸಿ ಒಟ್ಟಬೇಡಿ, ಇರುವೆ ಗೆದ್ದಲು ಸೌದೆಯಿಂದ ನೇರ ಮನೆಯೊಳಗೆ. ಒಂದು ವಾರಕ್ಕಾಗೋಷ್ಟು ಮಾತ್ರ ವರಾಂಡಕ್ಕೆ ತನ್ನಿ.

ಇಷ್ಟೆಲ್ಲ ಯಾಕೆ, ಮನೆ ಬಿಸಿ ಮಾಡೋ ಬಾಯ್ಲರಿಗೆ ಆಯಿಲ್ ಹಾಕ್ಸಿದ್ರೆ ಆಯ್ತಲ್ಲ ಅಂತ ನಮ್ಮನೆಯವ್ಳು ಕೇಳ್ತಿರ್ತಾಳೆ. ಲೆಕ್ಕ ಹೀಗಿದೆ: ಒಣಗಿದ ರೆಡ್ ಓಕ್ ಒಂದು ಕಾರ್ಡಲ್ಲಿ ಸುಮಾರು 2.4 ಕೋಟಿ ಬಿಟಿಯು (ಶಾಖ ಅಳೆಯೋ ಮಾನ), ಹೀಟಿಂಗ್ ಆಯಿಲ್ ಒಂದು ಗ್ಯಾಲನ್ನಿಗೆ ಸುಮಾರು 1,38,500. ಸ್ಟವ್ ಎಪ್ಪತ್ತು ಚಿಲ್ಲರೆ ಪರ್ಸೆಂಟು, ಬಾಯ್ಲರ್ 85 ಪರ್ಸೆಂಟು ಎಫಿಶಿಯೆಂಟ್ ಅಂತ ಹಿಡಿದ್ರೆ ಒಂದು ಕಾರ್ಡ್ ಅಂದ್ರೆ ಹತ್ತಿರತ್ತಿರ 145 ಗ್ಯಾಲನ್ ಆಯಿಲ್. ನಿಮ್ಮೂರಿನ ಎರಡೂ ರೇಟು ಹಾಕಿ ಗುಣಿಸಿ ನೋಡಿ. ಹಸಿ ಸೌದೆಗೆ ಈ ಲೆಕ್ಕ ನಡಿಯಲ್ಲ ಅನ್ನೋದು ಬೇರೆ ಹೇಳ್ಬೇಕಾಗಿಲ್ಲ. ಕರೆಂಟು ಹೋದಾಗ ಬಾಯ್ಲರ್ ನಿಲ್ಲುತ್ತೆ, ನಮ್ಮನೆ ಸ್ಟವ್ ನಿಲ್ಲಲ್ಲ, ಮೇಲೆ ಒಂದು ಪಾತ್ರೆ ಸಾರೂ ಕುದಿಯುತ್ತೆ.

ನನ್ನ ಸಲಹೆ ಏನಂದ್ರೆ ಮಾರ್ಚ್ ಏಪ್ರಿಲಲ್ಲಿ ಹಸಿ ಸೌದೆನೇ ತರಿಸಿ, ಒಣಗಿದ್ದಕ್ಕಿಂತ ಅಗ್ಗ, ಮಾರೋನಿಗೂ ಸುಳ್ಳು ಹೇಳೋ ತಾಪತ್ರಯ ಇಲ್ಲ. ಸೀಳಿರೋದು ಸಿಕ್ರೆ ಅದು, ಇಲ್ಲಾಂದ್ರೆ 16 ಇಂಚಿಗೆ ಕುಯ್ದ ಕೊರಡು, ಅದಕ್ಕೇ ಈ ಎಕ್ಸ್27. ವರ್ಷಕ್ಕೆ ಎರಡು ಮೂರು ಕಾರ್ಡ್ ಉರಿಸೋರಿಗೆ ಹೇಳಿ ಮಾಡಿಸಿದ್ದು, ಆರೇಳು ಕಾರ್ಡ್ ಉರಿಸೋ ಮನೆಯಾದ್ರೆ ವೀಕೆಂಡಿಗೆ ಸೌದೆ ಸೀಳೋ ಮೆಷಿನ್ನು, ಹೈಡ್ರಾಲಿಕ್ ಸ್ಪ್ಲಿಟರ್, ಬಾಡಿಗೆಗೆ ತಗೊಂಡು ಪಕ್ಕದ್ಮನೆಯೋರ ಜೊತೆ ಹಂಚ್ಕೊಳ್ಳಿ. ಬೆನ್ನು ನೋವು, ಭುಜದ ಆಪರೇಷನ್ ಆಗಿರೋರು ಮೊದಲೇ ಸ್ಪ್ಲಿಟರಿಗೆ ಹೋಗಿ. ಬಾಯಿ ಮಂಕಾದ್ರೆ ಅರ ಹಾಕಿ ಮೆಲ್ಲಗೆ ಮಸೀರಿ, ಕೆಲಸ ಆದ್ಮೇಲೆ ಅದ್ರ ಪ್ಲಾಸ್ಟಿಕ್ ಕವಚ ಹಾಕಿಡಿ, ಮನೇಲಿ ಮಕ್ಕಳಿದ್ರಂತೂ ತಪ್ಪದೇ. ಬೂದೀನ ಮುಚ್ಚಳ ಇರೋ ತಗಡಿನ ಡಬ್ಬಕ್ಕೆ ತುಂಬಿ ಹೊರಗಿಡಿ, ಅದ್ರೊಳಗೆ ಕೆಂಡ ಎರಡು ಮೂರು ದಿನ ಆದ್ರೂ ಜೀವ ಇಟ್ಕೊಂಡಿರುತ್ತೆ.

ಕೊಡಲಿಗೆ ಐದರಲ್ಲಿ ನಾಲ್ಕೂವರೆ, ಕಾವು ಬದಲಾಯಿಸೋಕಾಗಲ್ಲ ಅನ್ನೋದಕ್ಕೆ ಅರ್ಧ ಕಟ್. ಆ ಸೀಸನ್ಡ್ ಓಕ್ ಮಾರಿದವ್ನಿಗೆ ಒಂದು, ಅದೂ ಹೇಳಿದ ಟೈಮಿಗೆ ಲಾರಿ ತಂದ ಅಂತ.