ಹಂಪನಕಟ್ಟೆಯಲ್ಲಿ ಕೊಂಡ ಶಾರ್ಟ್‌ವೇವ್ ರೇಡಿಯೋ
ಟ್ಯೂನಿಂಗ್ ಚಕ್ರ ಸ್ವಲ್ಪ ಸಡಿಲ. ಚಾರ್ಜರ್ ಹಾಕಿದರೆ ಕರಕರ ಜಾಸ್ತಿ. ಸೆಲ್ ಹಾಕಿ ತಾರಸಿಗೆ ಒಯ್ದರೆ ಮಾತ್ರ ಮಜಾ. ಶಾರ್ಟ್‌ವೇವ್ ಅಂದರೆ ದೂರದ ದೇಶಗಳ ಸ್ಟೇಷನ್‌ಗಳೂ ಸಿಗುತ್ತವೆ. ಚೀನಾದ ರೇಡಿಯೋ ಸ್ಟೇಷನ್ ಹಿಂದಿ, ತಮಿಳಿನಲ್ಲೂ ಮಾತಾಡುತ್ತದೆ. ಸರ್ಕಾರದ್ದೇ ಸ್ಟೇಷನ್, ಬೀಜಿಂಗ್ ಮೇಲೆ ಒಂದು ಕೊಂಕು ಮಾತೂ ಕಿವಿಗೆ ಬೀಳಲಿಲ್ಲ. ಬಿಬಿಸಿ ವರ್ಲ್ಡ್ ಸರ್ವಿಸ್‌ಗೂ ಬ್ರಿಟನ್ ಸರ್ಕಾರದ ದುಡ್ಡು ಹೋಗುತ್ತದೆ, ಆದರೆ ಅಲ್ಲಿ ತಮ್ಮ ಮಂತ್ರಿಗಳದ್ದೇ ಬೆವರಿಳಿಸುತ್ತಾರೆ.

ಎಫ್‌ಎಂ ಒತ್ತಿದರೆ ನಮ್ಮ ಕಥೆ. ಮಂಗಳೂರಿನ ಖಾಸಗಿ ಸ್ಟೇಷನ್‌ಗಳಲ್ಲಿ ಹಾಡು, ಹರಟೆ ಎಲ್ಲ ಇದೆ, ಸ್ವಂತ ಸುದ್ದಿ ಇಲ್ಲ. ನಿಯಮ ಬಿಡುವುದಿಲ್ಲ. ಆಕಾಶವಾಣಿ ವಾರ್ತೆಯನ್ನು ಇದ್ದ ಹಾಗೇ ಹಾಕಬಹುದು, ಅಷ್ಟೇ. ತರಂಗಗಳು ಸಾರ್ವಜನಿಕ ಆಸ್ತಿ ಅಂತ ಸುಪ್ರೀಂ ಕೋರ್ಟ್ ಹೇಳಿದ್ದು 1995ರಲ್ಲಿ! ಟಿವಿಯವರು ದಿನವಿಡೀ ಕಿರುಚಬಹುದು, ಇವರ ಬಾಯಿಗೆ ಮಾತ್ರ ಬೀಗ. ಅದು ಈ ಡಬ್ಬಿಯ ತಪ್ಪಲ್ಲ ಬಿಡಿ. ನಾಲ್ಕು ಸ್ಟಾರ್. ಕೊಳ್ಳುವಾಗ ಆಂಟೆನಾ ಪೂರ್ತಿ ಎಳೆದು ನೋಡಿ.